ಅಮ್ಮನನ್ನು ವೇದಿಕೆಗೆ ಕರೆತಂದ ಮಗ: ಜೋ ಕೋಯ್ ಬಗ್ಗೆ ನಿಮ್ಮ ಪ್ರಶ್ನೆಗಳು

ಮನೆಯವರನ್ನೇ ಹಾಸ್ಯದ ವಸ್ತು ಮಾಡಿಕೊಂಡ ಕಲಾವಿದರ ಬಗ್ಗೆ ನಿಮ್ಮ ಪ್ರಶ್ನೆಗಳನ್ನು ಕಳಿಸಿ ಅಂತ ಕೇಳಿದ್ದೆವು. ಬಂದ ಪತ್ರಗಳಲ್ಲಿ ಒಂದೇ ಹೆಸರು ಮತ್ತೆ ಮತ್ತೆ ಕಾಣಿಸಿತು. ಅದು ಫಿಲಿಪ್ಪೀನ್ಸ್ ಮೂಲದ ಅಮೆರಿಕನ್ ಸ್ಟ್ಯಾಂಡ್-ಅಪ್ ಕಾಮಿಡಿಯನ್ ಜೋ ಕೋಯ್. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅವರಿಗೇ ಮೀಸಲು.

ಪ್ರಶ್ನೆ: ಮಗಳು ಮೊಬೈಲ್‌ನಲ್ಲಿ ಜೋ ಕೋಯ್ ಅನ್ನುವವರ ಒಂದು ತುಣುಕು ತೋರಿಸಿದಳು. ಅರ್ಧ ಇಂಗ್ಲಿಷ್ ತಲೆಗೆ ಹತ್ತಲಿಲ್ಲ, ಆದರೂ ನಕ್ಕು ನಕ್ಕು ಸಾಕಾಯಿತು. ಯಾರು ಈ ಮನುಷ್ಯ?
– ದಾವಣಗೆರೆಯ ಓದುಗರು

ಉತ್ತರ: ಅರ್ಧ ಅರ್ಥ ಆಗದಿದ್ದರೂ ನಗು ಬಂತು ಅಂದಿರಲ್ಲ, ಅವರ ಶಕ್ತಿ ಇರುವುದೇ ಅಲ್ಲಿ. ಅಮ್ಮ ಹೀಗಂದಳು, ಹಾಗಂದಳು ಅಂತ ವರದಿ ಒಪ್ಪಿಸುತ್ತಾ ನಿಲ್ಲುವವರಲ್ಲ ಅವರು. ಮಾತಿನ ಮಧ್ಯೆ ತಾವೇ ಅಮ್ಮನಾಗಿಬಿಡುತ್ತಾರೆ. ಹುಬ್ಬು, ಕತ್ತು, ದನಿ, ನಡಿಗೆ ಎಲ್ಲಾ ಬದಲಾಗುತ್ತದೆ, ಮರುಕ್ಷಣ ಅದೇ ಅಮ್ಮನ ಎದುರು ನಡುಗುತ್ತಾ ನಿಂತ ಹುಡುಗನಾಗುತ್ತಾರೆ. ಯಕ್ಷಗಾನದಲ್ಲಿ ಒಳ್ಳೆ ಹಾಸ್ಯಗಾರರನ್ನು ನೋಡಿದವರಿಗೆ ಇದು ಹೊಸದಲ್ಲ. ಅವರು ಬಾಯಿ ತೆರೆಯುವ ಮೊದಲೇ ಸಭೆ ನಗಲು ಶುರು ಮಾಡಿರುತ್ತದೆ, ಅಲ್ವಾ?

ಹುಟ್ಟಿದ್ದು 1971ರ ಜೂನ್ 2ರಂದು, ಅಮೆರಿಕದ ವಾಷಿಂಗ್ಟನ್ ರಾಜ್ಯದ ಟಕೋಮಾ ಊರಿನಲ್ಲಿ. ನಿಜವಾದ ಹೆಸರು ಜೋಸೆಫ್ ಗ್ಲೆನ್ ಹರ್ಬರ್ಟ್. ಅಮ್ಮ ಜೋಸಿ ಫಿಲಿಪ್ಪೀನ್ಸ್‌ನವರು, ಅಪ್ಪ ಅಮೆರಿಕದ ವಾಯುಪಡೆಯಲ್ಲಿದ್ದ ಬಿಳಿಯರು. ಅಪ್ಪ-ಅಮ್ಮ ಬೇರೆಯಾದ ಮೇಲೆ ಮಕ್ಕಳನ್ನು ಸಾಕಿದ್ದು ಅಮ್ಮನೇ. ಆಮೇಲೆ ಕಾಯಿಲೆ ಬಿದ್ದಿದ್ದ ಅಜ್ಜಿಗೆ ಹತ್ತಿರವಾಗಲಿ ಅಂತ ಸಂಸಾರ ಲಾಸ್ ವೇಗಸ್‌ಗೆ ಹೋಯಿತು. ಅಲ್ಲಿ ಹುಡುಗ ಕಾಲೇಜು ಸೇರಿದ, ಕಾಮಿಡಿ ಮಾಡ್ತೀನಿ ಅಂತ ಅರ್ಧಕ್ಕೇ ಬಿಟ್ಟ. ಒಬ್ಬಳೇ ದುಡಿದು ಮಕ್ಕಳನ್ನು ಬೆಳೆಸಿದ ತಾಯಿಗೆ ಆ ಮಾತು ಕೇಳಿ ಹೇಗಾಗಿರಬೇಕು ಅಂತ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಮ್ಮ-ಮಗನ ಆ ಜಗ್ಗಾಟವೇ ಮೂವತ್ತು ವರ್ಷದಿಂದ ಅವರ ಹಾಸ್ಯದ ಬಂಡವಾಳ.

ಪ್ರಶ್ನೆ: ನಾನು ದುಬೈನಲ್ಲಿ ತುಂಬಾ ವರ್ಷ ಕೆಲಸ ಮಾಡಿ ಊರಿಗೆ ಬಂದವನು. ನಮ್ಮ ಆಫೀಸಿನಲ್ಲಿ, ಆಸ್ಪತ್ರೆಯಲ್ಲಿ, ಅಂಗಡಿಯಲ್ಲಿ ಎಲ್ಲೆಲ್ಲೂ ಫಿಲಿಪ್ಪೀನ್ಸ್‌ನವರೇ. ಜೋ ಕೋಯ್ ಕೂಡ ‘ನಮ್ಮವರೆಲ್ಲಾ ನರ್ಸ್‌ಗಳೇ’ ಅಂತ ತಮಾಷೆ ಮಾಡುತ್ತಾರೆ. ಇದು ಬರೀ ತಮಾಷೆಯಾ, ಹಿಂದೆ ಏನಾದರೂ ಇದೆಯಾ?
– ಕುಂದಾಪುರದ ಓದುಗರು

ಉತ್ತರ: ಹಿಂದೆ ನೂರು ವರ್ಷಕ್ಕೂ ಮೀರಿದ ಇತಿಹಾಸ ಇದೆ. ಅದು ಗೊತ್ತಾದರೆ ಆ ತಮಾಷೆ ಇನ್ನಷ್ಟು ಆಳವಾಗಿ ತಟ್ಟುತ್ತದೆ.

ಫಿಲಿಪ್ಪೀನ್ಸ್ ಮುನ್ನೂರು ವರ್ಷಕ್ಕೂ ಜಾಸ್ತಿ ಸ್ಪೇನ್ ಕೈಯಲ್ಲಿತ್ತು. 1898ರಲ್ಲಿ ಅಮೆರಿಕದ ಕೈಗೆ ಹೋಯಿತು, 1946ರವರೆಗೂ ಅಲ್ಲೇ ಉಳಿಯಿತು. ಅಮೆರಿಕನ್ನರು ಅಲ್ಲಿ ನರ್ಸಿಂಗ್ ಶಾಲೆಗಳನ್ನು ತೆರೆದರು. ಪಾಠ ಇಂಗ್ಲಿಷ್‌ನಲ್ಲಿ, ಕ್ರಮ ಪೂರಾ ಅಮೆರಿಕದ್ದು. ಹೀಗಾಗಿ ಮನಿಲಾದಲ್ಲಿ ಕಲಿತ ಹುಡುಗಿ ಶಿಕಾಗೋದ ವಾರ್ಡಿನಲ್ಲಿ ಮರುದಿನವೇ ಕೆಲಸಕ್ಕೆ ನಿಲ್ಲುವಷ್ಟು ತಯಾರಾಗಿರುತ್ತಿದ್ದಳು. 1948ರಲ್ಲಿ ಅಮೆರಿಕ ವಿದೇಶಿಯರನ್ನು ತರಬೇತಿಗೆ ಕರೆಸುವ ಯೋಜನೆ ತಂದಾಗ ಅದರಲ್ಲಿ ಹೋದವರಲ್ಲಿ ಫಿಲಿಪ್ಪೀನ್ಸ್ ನರ್ಸ್‌ಗಳು ಬಹಳ. 1965ರಲ್ಲಿ ವಲಸೆ ಕಾನೂನು ಸಡಿಲವಾದ ಮೇಲಂತೂ ದಾರಿ ಪೂರ್ತಿ ತೆರೆಯಿತು. 1970ರ ದಶಕದಲ್ಲಿ ಅಲ್ಲಿನ ಸರ್ಕಾರವೇ ಜನರನ್ನು ಹೊರದೇಶದ ಕೆಲಸಕ್ಕೆ ಕಳಿಸುವುದನ್ನು ನೀತಿಯಾಗಿ ಮಾಡಿಕೊಂಡಿತು. ನಿಮ್ಮ ದುಬೈ ಸಹೋದ್ಯೋಗಿಗಳು ಬಂದಿದ್ದೂ ಅದೇ ದಾರಿಯಲ್ಲಿ.

ಇವತ್ತು ಅಮೆರಿಕದಲ್ಲಿ ಫಿಲಿಪ್ಪೀನ್ಸ್ ಮೂಲದವರು 40 ಲಕ್ಷಕ್ಕೂ ಜಾಸ್ತಿ ಇದ್ದಾರೆ. ಕೋವಿಡ್ ಮೊದಲ ವರ್ಷದ ಒಂದು ಲೆಕ್ಕ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. ಅಲ್ಲಿನ ನರ್ಸ್‌ಗಳ ದೊಡ್ಡ ಸಂಘವೊಂದು 2020ರ ಸೆಪ್ಟೆಂಬರ್‌ನಲ್ಲಿ ಹೊರತಂದ ವರದಿ ಪ್ರಕಾರ, ಅಮೆರಿಕದ ನರ್ಸ್‌ಗಳಲ್ಲಿ ಫಿಲಿಪ್ಪೀನ್ಸ್‌ನವರು ಸುಮಾರು 4%. ಕೋವಿಡ್‌ನಿಂದ ಸತ್ತ ನರ್ಸ್‌ಗಳಲ್ಲಿ ಅವರು ಮೂರರಲ್ಲಿ ಒಂದು ಪಾಲಿನ ಹತ್ತಿರ. ಐಸಿಯುಗಳಲ್ಲಿ, ಬೇರೆಯವರು ಬೇಡ ಅನ್ನುವ ಪಾಳಿಗಳಲ್ಲಿ ನಿಂತು ದುಡಿದವರು ಅವರು. ‘ನಮ್ಮಮ್ಮ, ನಮ್ಮ ಚಿಕ್ಕಮ್ಮ, ಪಕ್ಕದ ಮನೆಯವರು ಎಲ್ಲಾ ನರ್ಸ್’ ಅಂತ ಒಬ್ಬ ಕಲಾವಿದ ವೇದಿಕೆ ಮೇಲೆ ಹೇಳಿದಾಗ ಸಭೆಯಲ್ಲಿ ಅರ್ಧ ಜನ ಕೈ ಎತ್ತಿ ಕೂಗುತ್ತಾರಲ್ಲ, ಆ ಕೂಗಿನಲ್ಲಿ ಹೆಮ್ಮೆಯೂ ಇದೆ, ದಣಿವೂ ಇದೆ.

ನಿಮ್ಮ ಪತ್ರದಲ್ಲಿ ‘ಅವರು ನಮ್ಮ ಹಾಗೇ’ ಅಂತ ಬರೆದಿದ್ದೀರಿ. ಹೌದು. ಹಿರಿಯರ ಕೈಯನ್ನು ಹಣೆಗೆ ಮುಟ್ಟಿಸಿಕೊಂಡು ಆಶೀರ್ವಾದ ತೆಗೆದುಕೊಳ್ಳುತ್ತಾರೆ. ಅಕ್ಕನನ್ನಾಗಲಿ ಅಣ್ಣನನ್ನಾಗಲಿ ಬರೀ ಹೆಸರು ಹಿಡಿದು ಕರೆಯುವುದಿಲ್ಲ. ಮೂರು ಹೊತ್ತೂ ಅನ್ನ ಬೇಕು. ಬಚ್ಚಲಿನಲ್ಲಿ ಬಕೆಟ್ಟು, ಚೊಂಬು. ಊರಿಗೆ ದೊಡ್ಡ ರಟ್ಟಿನ ಪೆಟ್ಟಿಗೆ ಕಳಿಸುವುದಿದೆಯಲ್ಲ, ಅದಕ್ಕೆ ಅವರಲ್ಲಿ ‘ಬಾಲಿಕ್‌ಬಾಯನ್ ಬಾಕ್ಸ್’ ಅಂತ ಹೆಸರೇ ಇದೆ. ಸೋಪು, ಟವೆಲ್, ಚಾಕೊಲೇಟು, ಟಿನ್ ಮಾಂಸ, ಶೂ ಎಲ್ಲಾ ತುಂಬಿ, ಸಂದುಗಳಲ್ಲಿ ಬಟ್ಟೆ ತುರುಕಿ, ಮೇಲಿಂದ ಟೇಪು ಸುತ್ತುತ್ತಾರೆ. ಗಲ್ಫ್‌ನಿಂದ ಬರುವವರು ಹಾಲಿನ ಪುಡಿ, ಟ್ಯಾಂಗ್, ಆಕ್ಸ್ ಆಯಿಲ್, ಕಂಬಳಿ ತುಂಬಿಕೊಂಡು ಮಂಗಳೂರು ಏರ್‌ಪೋರ್ಟಿನಲ್ಲಿ ಇಳಿಯುವುದನ್ನು ಕಂಡ ಕರಾವಳಿಯವರಿಗೆ ಆ ಪೆಟ್ಟಿಗೆಯ ತೂಕ ಗೊತ್ತು.

ಪ್ರಶ್ನೆ: ಹೆತ್ತ ತಾಯಿಯ ಉಚ್ಚಾರವನ್ನು ಸಾವಿರಾರು ಜನರ ಮುಂದೆ ಅಣಕಿಸಿ ದುಡ್ಡು ಮಾಡುವುದು ಸರಿಯೇ? ನಾನು ನಿವೃತ್ತ ಶಿಕ್ಷಕ. ಮಕ್ಕಳು ಒಬ್ಬರನ್ನೊಬ್ಬರು ಅಣಕಿಸಿದರೆ ತರಗತಿಯಲ್ಲಿ ನಿಲ್ಲಿಸುತ್ತಿದ್ದೆ. ಇದಕ್ಕೆ ಮಾತ್ರ ಚಪ್ಪಾಳೆ ಯಾಕೆ?
– ಮೈಸೂರಿನ ಓದುಗರು

ಉತ್ತರ: ಮೇಷ್ಟ್ರೇ, ಈ ಸಲ ಬಂದ ಪ್ರಶ್ನೆಗಳಲ್ಲಿ ನನಗೆ ಅತಿ ಮುಖ್ಯ ಅನಿಸಿದ್ದು ನಿಮ್ಮದೇ. ಸ್ವಲ್ಪ ವಿವರವಾಗಿ ಹೇಳಬೇಕು.

ಮೊದಲು ಅಲ್ಲಿನ ಸಂಗತಿ. ಫಿಲಿಪ್ಪೀನ್ಸ್‌ನ ಹೆಚ್ಚಿನ ಭಾಷೆಗಳಲ್ಲಿ ಮೊದಲು ‘ಫ’ ಸದ್ದು ಇರಲಿಲ್ಲ. ಸ್ಪ್ಯಾನಿಷ್, ಇಂಗ್ಲಿಷ್ ಪದಗಳ ಜೊತೆ ಬಂತು. ಹಾಗಾಗಿ ಹಳೆ ತಲೆಮಾರಿನವರ ಬಾಯಲ್ಲಿ ‘ಫ’ ಹೋಗಿ ‘ಪ’ ಆಗುತ್ತದೆ, ಒಮ್ಮೊಮ್ಮೆ ಸರಿ ಮಾಡಲು ಹೋಗಿ ‘ಪ’ ಇರುವಲ್ಲಿ ‘ಫ’ ಬರುತ್ತದೆ. ನಮ್ಮ ಅಜ್ಜಿಯರು ಕಾಪಿ ಕುಡಿದು ಪೋನು ಮಾಡುತ್ತಿದ್ದರಲ್ಲ, ಅದೇ. ಜೋ ಕೋಯ್ ಇದನ್ನು ಹಿಡಿದು ಸಿಕ್ಕಾಪಟ್ಟೆ ನಗಿಸಿದ್ದಾರೆ.

ಉಚ್ಚಾರದ ನಗು ಎಲ್ಲಿ ನೋಯಿಸುತ್ತದೆ ಅನ್ನುವುದು ಕನ್ನಡಿಗರಿಗೆ ಬೇರೆಯವರು ಕಲಿಸಬೇಕಾಗಿಲ್ಲ. ಎಷ್ಟು ವರ್ಷ ನಮ್ಮ ಸಿನಿಮಾಗಳಲ್ಲಿ ಮಂಗಳೂರು ಕನ್ನಡ ಮಾತಾಡುವವನು ಅಂದರೆ ಹೋಟೆಲ್ ಮಾಲೀಕ, ಎರಡು ಸಲ ‘ಎಂಥದು ಮಾರಾಯ್ರೇ’ ಅಂದು ಮರೆಯಾಗುವವನು! ಉತ್ತರ ಕರ್ನಾಟಕದ ಮಾತು ಅಂದರೆ ಕಾಮಿಡಿ ಪಾತ್ರಕ್ಕೆ ಅಥವಾ ಮನೆ ಆಳಿಗೆ. ಆ ಭಾಷೆಯ ಒಳಗಿನ ಬುದ್ಧಿ, ಲಯ, ಬೈಗುಳದ ಸೊಗಸು ಯಾವುದೂ ಗೊತ್ತಿಲ್ಲದೆ ಬರೀ ಮೇಲಿನ ಸದ್ದನ್ನು ಕದ್ದು ನಗಿಸಿದರು. ಅಲ್ಲಿನ ಜನಕ್ಕೆ ಸಿಟ್ಟು ಬಂದಿದ್ದು ಸಹಜ. ಅದೇ ಗಂಗಾವತಿ ಪ್ರಾಣೇಶ್ ಅದೇ ಸೀಮೆಯ ಮಾತಿನಲ್ಲಿ ಹಾಸ್ಯ ಸಂಜೆಗಳಲ್ಲಿ ನಿಂತಾಗ ಕೊಪ್ಪಳ, ರಾಯಚೂರಿನವರು ಎದೆ ಉಬ್ಬಿಸಿ ನಗುತ್ತಾರೆ. ನಗು ಹೊರಗಿನಿಂದ ಬಂತಾ ಒಳಗಿನಿಂದ ಬಂತಾ ಅನ್ನುವುದು ಕೇಳುವವರಿಗೆ ತಕ್ಷಣ ಗೊತ್ತಾಗುತ್ತದೆ.

ಆದರೆ ‘ಒಳಗಿನವನು’ ಅನ್ನುವುದೊಂದೇ ಸಾಕಾ? ಸಾಲದು ಅಂತ ನನ್ನ ಅಭಿಪ್ರಾಯ. ಮಗನೇ ಆದರೂ ತಾಯಿಯನ್ನು ದಡ್ಡಿ ಮಾಡಿ ನಿಲ್ಲಿಸಿದರೆ ಅದು ಅಣಕವೇ. ಜೋ ಕೋಯ್ ಅವರ ಒಳ್ಳೆಯ ಕಥೆಗಳನ್ನು ಗಮನವಿಟ್ಟು ನೋಡಿ, ಕೊನೆಗೆ ಗೆಲ್ಲುವುದು ಯಾರು? ಅಮ್ಮನೇ. ವಾದದಲ್ಲಿ ಗೆಲ್ಲುತ್ತಾರೆ, ದುಡ್ಡಿನ ಲೆಕ್ಕದಲ್ಲಿ ಗೆಲ್ಲುತ್ತಾರೆ, ಮಗನ ಸುಳ್ಳನ್ನು ಬಾಗಿಲಲ್ಲೇ ಹಿಡಿಯುತ್ತಾರೆ. ಬಿಳಿಯರ ಊರಿನಲ್ಲಿ, ತನ್ನದಲ್ಲದ ಭಾಷೆಯಲ್ಲಿ ಮಕ್ಕಳನ್ನು ದಡ ಸೇರಿಸಿದ ಹೆಂಗಸು ಅವರು. ಆ ದನಿ ಬಂದಾಗ ಸಭೆ ನಗುವುದು ‘ಪಾಪ ಇವಳಿಗೆ ಇಂಗ್ಲಿಷ್ ಬರಲ್ಲ’ ಅಂತಲ್ಲ. ‘ಅಯ್ಯೋ, ಇದು ನಮ್ಮಮ್ಮನೇ’ ಅಂತ.

ಆಕ್ಷೇಪ ಇಲ್ಲ ಅಂತಲ್ಲ. ಅಮೆರಿಕದಲ್ಲೇ ಹುಟ್ಟಿ ಬೆಳೆದ ಫಿಲಿಪ್ಪೀನ್ಸ್ ಮೂಲದ ಯುವಕರಲ್ಲಿ ಕೆಲವರು, ಉಚ್ಚಾರದ ಹಾಸ್ಯ ಹಳಸಿತು, ನಮ್ಮ ಬಗ್ಗೆ ಹೇಳಲು ಬೇರೆ ಏನೂ ಇಲ್ಲವೇ ಅಂತ ಕೇಳುತ್ತಾರೆ. ಅವರ ಮಾತಲ್ಲಿ ಹುರುಳಿದೆ. ಕೆಲವು ತುಣುಕುಗಳಲ್ಲಿ ಉಚ್ಚಾರ ತೆಗೆದರೆ ಏನೂ ಉಳಿಯುವುದಿಲ್ಲ. ಅವು ನನಗೂ ಇಷ್ಟವಿಲ್ಲ. ಉಚ್ಚಾರ ತೆಗೆದ ಮೇಲೂ ಕಥೆ ಗಟ್ಟಿಯಾಗಿ ನಿಲ್ಲುವಂಥವನ್ನು ಮಾತ್ರ ನಾನು ಅವರ ಒಳ್ಳೆ ಕೆಲಸ ಅಂತ ಲೆಕ್ಕ ಹಿಡಿಯುತ್ತೇನೆ. ನೀವು ತರಗತಿಯಲ್ಲಿ ನಿಲ್ಲಿಸಿದ್ದು ಸರಿ ಮೇಷ್ಟ್ರೇ. ಅಲ್ಲಿ ಅಣಕಿಸಿದ ಹುಡುಗನಿಗೆ ಎದುರಿನ ಹುಡುಗನ ಮೇಲೆ ಪ್ರೀತಿ ಇರಲಿಲ್ಲ.

ಪ್ರಶ್ನೆ: ವಿಕ್ಸ್ ಡಬ್ಬಿ ಬಗ್ಗೆ ಅವರದೊಂದು ಜೋಕ್ ಇದೆಯಂತೆ. ಏನದು?
– ಚಿಕ್ಕಮಗಳೂರಿನ ಓದುಗರು

ಉತ್ತರ: ಮನೆಯಲ್ಲಿ ಯಾರಿಗೆ ಯಾವ ಕಾಯಿಲೆ ಬಂದರೂ ಅಮ್ಮನ ಹತ್ತಿರ ವಿಕ್ಸ್ ಒಂದೇ ಔಷಧಿ ಅನ್ನುವುದು ಅದರ ತಿರುಳು. ಅವರ ಬಹಳ ಹೆಸರುವಾಸಿ ಹಾಸ್ಯಗಳಲ್ಲಿ ಅದೂ ಒಂದು. ಮೈಕೆತ್ತಿ ‘ವಿಕ್ಸ್’ ಅಂದರೆ ಸಾಕು, ಫಿಲಿಪ್ಪೀನ್ಸ್‌ನವರು ಮಾತ್ರ ಅಲ್ಲ, ಮೆಕ್ಸಿಕೋ ಮೂಲದವರು, ಭಾರತದವರು ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ನಮ್ಮ ಮನೆಗಳಲ್ಲಿ ಏನು ಕಡಿಮೆಯಾ? ಪಾತ್ರೆಯಲ್ಲಿ ಕುದಿಯುವ ನೀರು, ಅದರಲ್ಲಿ ಬೆರಳ ತುದಿಯಷ್ಟು ವಿಕ್ಸ್, ತಲೆ ಮೇಲೆ ದಪ್ಪ ಟವೆಲ್, ಹೊರಗಿನಿಂದ ಅಮ್ಮ ಕತ್ತಿನ ಮೇಲೆ ಕೈ ಇಟ್ಟು ಇನ್ನೂ ಬಗ್ಗು ಅನ್ನುವುದು. ಕಣ್ಣು ಉರಿದು ನೀರು ಸುರಿದರೆ, ‘ಹೋಗ್ತಿದೆ ನೋಡು ಶೀತ’ ಅನ್ನುವುದು. ಹಣೆಗೆ ಹಚ್ಚಿ, ಎದೆಗೆ ತಿಕ್ಕಿ, ಅಂಗಾಲಿಗೂ ಬಳಿದು ಕಾಲುಚೀಲ ಹಾಕಿಸುವವರಿದ್ದಾರೆ. ಒಂದು ಮಾತು ಮಾತ್ರ ತಮಾಷೆಯಲ್ಲ. ಎರಡು ವರ್ಷದ ಒಳಗಿನ ಮಕ್ಕಳಿಗೆ ಅದನ್ನು ಹಚ್ಚಬಾರದು, ಡಬ್ಬಿ ಮೇಲೇ ಬರೆದಿರುತ್ತದೆ.

ಪ್ರಶ್ನೆ: ಒಂದೇ ಸಮುದಾಯದ ಮನೆಮಾತು ಇಟ್ಟುಕೊಂಡು ಇಷ್ಟು ದೊಡ್ಡ ಹೆಸರು ಮಾಡಿದ್ದು ಹೇಗೆ? ಯಾರಾದರೂ ಕೈ ಹಿಡಿದರಾ?
– ಹುಬ್ಬಳ್ಳಿಯ ಓದುಗರು

ಉತ್ತರ: ಶುರುವಿನಲ್ಲಿ ಯಾರೂ ಹಿಡಿಯಲಿಲ್ಲ. 1994ರ ಹೊತ್ತಿಗೆ ಲಾಸ್ ವೇಗಸ್‌ನ ಕಾಮಿಡಿ ಕ್ಲಬ್‌ಗಳಲ್ಲಿ ಮೈಕ್ ಹಿಡಿಯುತ್ತಿದ್ದರು. ಆಮೇಲೆ ಅಲ್ಲಿನ ಹಂಟ್ರಿಜ್ ಅನ್ನುವ ಹಳೆ ಥಿಯೇಟರನ್ನು ತಾವೇ ಬಾಡಿಗೆಗೆ ತೆಗೆದುಕೊಂಡು, ಮನೆ ಮನೆ ಬಾಗಿಲು ತಟ್ಟಿ ಟಿಕೆಟ್ ಮಾರಿದರು. ನಮ್ಮಲ್ಲಿ ಹವ್ಯಾಸಿ ನಾಟಕ ತಂಡದವರು ರಸೀದಿ ಪುಸ್ತಕ ಹಿಡಿದು ಓಣಿ ಓಣಿ ತಿರುಗುವುದನ್ನು ನೀವೂ ನೋಡಿರುತ್ತೀರಿ. ಅಲ್ಲಿಂದ ಟಿವಿ ಅವಕಾಶ ಸಿಕ್ಕಿತು. 2005ರಲ್ಲಿ ಜೇ ಲೆನೋ ಅವರ ರಾತ್ರಿ ಕಾರ್ಯಕ್ರಮದಲ್ಲಿ ಸಭಿಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಂಥ ಗೌರವ ಅಲ್ಲಿ ಹಾಸ್ಯಗಾರರಿಗೆ ಸಿಗುವುದು ಅಪರೂಪ. ಚೆಲ್ಸಿಯಾ ಹ್ಯಾಂಡ್ಲರ್ ನಡೆಸುತ್ತಿದ್ದ ಟಿವಿ ಹರಟೆಯಲ್ಲಿ ಕಾಯಂ ಮುಖವಾದರು.

ಆದರೂ ನೆಟ್‌ಫ್ಲಿಕ್ಸ್ ಬೇಡ ಅಂದಿತು. ಈ ಭಾಗ ನನಗೆ ತುಂಬಾ ಇಷ್ಟ. ಬೇಡ ಅಂದಮೇಲೆ ಅವರು ಕೈ ಕಟ್ಟಿ ಕೂರಲಿಲ್ಲ. ಹುಟ್ಟೂರು ಟಕೋಮಾಗೆ ಹತ್ತಿರದ ಸಿಯಾಟಲ್‌ನಲ್ಲಿ ತಮ್ಮದೇ ಕೈಯಿಂದ ದುಡ್ಡು ಹಾಕಿ, ಕ್ಯಾಮೆರಾದವರನ್ನು ಕರೆಸಿ, ಇಡೀ ಕಾರ್ಯಕ್ರಮ ಚಿತ್ರೀಕರಿಸಿಬಿಟ್ಟರು. ಅದನ್ನು ನೋಡಿದ ಮೇಲೆ ಅದೇ ನೆಟ್‌ಫ್ಲಿಕ್ಸ್ ಕೊಂಡುಕೊಂಡಿತು, 2017ರಲ್ಲಿ ಬಿಡುಗಡೆಯಾಯಿತು. 2019ರಲ್ಲಿ ಹೊನೊಲುಲುವಿನದು, 2020ರಲ್ಲಿ ಮನಿಲಾದ್ದು, 2022ರಲ್ಲಿ ಲಾಸ್ ಏಂಜಲೀಸ್‌ನ ಫೋರಂ ಅನ್ನುವ ಭಾರಿ ಸಭಾಂಗಣದ್ದು, ಹೀಗೆ ಒಂದರ ಹಿಂದೆ ಒಂದು ಬಂದವು.

ಹವಾಯಿಯ ಹೊನೊಲುಲು ಯಾಕೆ ಅಂತ ಕೇಳಬಹುದು. 1906ರಲ್ಲಿ ಕಬ್ಬಿನ ತೋಟಗಳಿಗೆ ಕೂಲಿಗೆಂದು ಫಿಲಿಪ್ಪೀನ್ಸ್‌ನಿಂದ ಮೊದಲ ತಂಡ ಅಲ್ಲಿ ಇಳಿಯಿತು, ಬರೀ 15 ಜನ. ಇವತ್ತು ಹವಾಯಿಯ ದೊಡ್ಡ ಸಮುದಾಯಗಳಲ್ಲಿ ಅವರೂ ಒಬ್ಬರು. ಆ ಕೂಲಿಗಳ ಮರಿಮಕ್ಕಳು ಟಿಕೆಟ್ ತೆಗೆದುಕೊಂಡು ಮುಂದಿನ ಸಾಲಿನಲ್ಲಿ ಕೂತು ತಮ್ಮ ಅಜ್ಜಿಯ ಮಾತಿಗೆ ನಗುತ್ತಾರೆ. ಮನಿಲಾ ಕಾರ್ಯಕ್ರಮದಲ್ಲಂತೂ ತಾವೊಬ್ಬರೇ ನಿಲ್ಲದೆ ಫಿಲಿಪ್ಪೀನ್ಸ್ ಮೂಲದ ಬೇರೆ ಹಾಸ್ಯಗಾರರಿಗೂ ಕುಣಿಯುವವರಿಗೂ ವೇದಿಕೆ ಬಿಟ್ಟುಕೊಟ್ಟರು. ‘ಒಂದೇ ಸಮುದಾಯದ ಮಾತು, ಯಾರಿಗೆ ಅರ್ಥ ಆಗುತ್ತೆ’ ಅನ್ನುವ ಹೆದರಿಕೆ ಕನ್ನಡದಲ್ಲಿ ಬರೆಯುವವರಿಗೂ ಆಗಾಗ ಕಾಡುತ್ತದೆ. ಹೆದರಿ ಎಲ್ಲರಿಗೂ ಆಗುವಂಥದ್ದು ಬರೆದವರು ಯಾರ ಮನಸ್ಸಿನಲ್ಲೂ ಉಳಿದಿಲ್ಲ. ಟಕೋಮಾದ ಆ ಒಂದು ಅಡುಗೆಮನೆಯನ್ನು ಬಿಡದೆ ಹಿಡಿದುಕೊಂಡಿದ್ದಕ್ಕೇ ದಾವಣಗೆರೆಯಲ್ಲೂ ನಗು ಬಂತು.

ಪ್ರಶ್ನೆ: ಹಾಗಾದರೆ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಸಮಾರಂಭದಲ್ಲಿ ಯಾಕೆ ಸೋತರು? ಯಾರೂ ನಗಲೇ ಇಲ್ಲವಲ್ಲ.
– ಬೆಳಗಾವಿಯ ಓದುಗರು

ಉತ್ತರ: 2024ರ ಜನವರಿ 7ರ ರಾತ್ರಿ. ನಿರೂಪಣೆ ಮಾಡಲು ಕರೆ ಬಂದು ಹತ್ತೇ ದಿನ ಆಗಿತ್ತು. ಹಾಗಂತ ಅವರೇ ವೇದಿಕೆ ಮೇಲೆ ಹೇಳಿಬಿಟ್ಟರು, ಕೆಲವು ಜೋಕ್ ತಾವು ಬರೆದದ್ದಲ್ಲ ಅಂತಲೂ ಹೇಳಿದರು. ಆ ಮಾತು ಹೇಳಬಾರದಿತ್ತು. ಜೊತೆಗೆ ದುಡಿದ ಬರಹಗಾರರನ್ನು ಎಲ್ಲರ ಮುಂದೆ ಬಿಟ್ಟುಕೊಟ್ಟ ಹಾಗಾಯಿತು.

ಹತ್ತು ದಿನ ಕಡಿಮೆ ಅನ್ನುವುದು ನಿಜ. ಆದರೆ ನನಗೆ ಕಾಣುವ ದೊಡ್ಡ ಕಾರಣ ಬೇರೆ. ಅಲ್ಲಿ ಕೂತಿದ್ದವರು ಹಾಲಿವುಡ್‌ನ ತಾರೆಯರು, ಇವರು ಹೇಳಬೇಕಾಗಿದ್ದು ಆ ತಾರೆಯರ ಮೇಲಿನ ಜೋಕ್. ಅವರ ಜೊತೆ ಇವರು ಊಟ ಮಾಡಿಲ್ಲ, ಜಗಳ ಆಡಿಲ್ಲ, ಅವರ ಕೈಯಲ್ಲಿ ಪೆಟ್ಟು ತಿಂದಿಲ್ಲ. ಅಮ್ಮನ ಬಗ್ಗೆ ಹೇಳುವಾಗ ಬರುವ ಹಕ್ಕು, ಸಲುಗೆ ಎರಡೂ ಇರಲಿಲ್ಲ. ಹೊರಗಿನವನಾಗಿ ನಿಂತು ಹೊಡೆದ ಮಾತು ಹೊರಗೇ ಉಳಿಯಿತು. ಸೋಲು ಅಂದರೆ ಸೋಲೇ, ಮುಚ್ಚಿಡುವುದು ಬೇಡ. ಆದರೆ ಆ ಒಂದು ರಾತ್ರಿಯ ತುಣುಕು ನೋಡಿ ಅವರನ್ನು ಅಳೆಯುವುದು ನ್ಯಾಯವಲ್ಲ.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿಕೊಂಡು ವಾರಾಂತ್ಯದಲ್ಲಿ ಕನ್ನಡ ಓಪನ್ ಮೈಕ್‌ಗಳಿಗೆ ಹೋಗುತ್ತೇನೆ. ಜೋ ಕೋಯ್ ನೋಡಿ ನಾನೂ ಅಮ್ಮನ ಮೇಲೆ ಐದು ನಿಮಿಷ ಮಾಡಿದೆ, ಚೆನ್ನಾಗಿ ನಕ್ಕರು. ಗೆಳೆಯ ಅದನ್ನು ವಿಡಿಯೋ ಮಾಡಿ ಹಾಕಿದ. ಅಮ್ಮ ನೋಡುವ ಮೊದಲೇ ಅದು ನಮ್ಮ ಸಂಬಂಧಿಕರ ವಾಟ್ಸಾಪ್ ಗುಂಪಿಗೆ ಬಂತು. ಈಗ ಅಮ್ಮ ಸರಿಯಾಗಿ ಮಾತಾಡುತ್ತಿಲ್ಲ. ಏನು ಮಾಡಲಿ?
– ಬೆಂಗಳೂರಿನ ಯುವ ಓದುಗರು

ಉತ್ತರ: ಇವತ್ತೇ ಆ ವಿಡಿಯೋ ತೆಗೆಸಿ. ಆಮೇಲೆ ಅಮ್ಮನ ಹತ್ತಿರ ಹೋಗಿ ಕೂತುಕೊಳ್ಳಿ. ‘ಅಮ್ಮಾ, ಅದು ತಮಾಷೆಗೆ’ ಅಂತ ಶುರು ಮಾಡಬೇಡಿ. ತಮಾಷೆ ಅಂತ ಅವರಿಗೂ ಗೊತ್ತು. ಅವರಿಗೆ ನೋವಾಗಿರುವುದು ಅತ್ತಿಗೆ-ನಾದಿನಿಯರು, ಓರಗಿತ್ತಿಯರು ಎಲ್ಲಾ ನೋಡಿ ಆದಮೇಲೆ ತನಗೆ ಗೊತ್ತಾಯಿತಲ್ಲ ಅಂತ. ಮನೆಯೊಳಗೆ ಹೇಗಿದ್ದರೂ ನಾಲ್ಕು ಜನರ ಮುಂದೆ ಹೇಗೆ ಕಾಣಬೇಕು ಅನ್ನುವುದನ್ನು ಒಬ್ಬ ಹೆಂಗಸು ಇಡೀ ಜೀವಮಾನ ಕಾಪಾಡಿಕೊಂಡು ಬಂದಿರುತ್ತಾಳೆ. ಅದನ್ನು ಮಗ ಕೇಳದೆ ಬಿಚ್ಚಿಟ್ಟ. ತಪ್ಪಾಯಿತು ಅನ್ನಿ, ಅಷ್ಟು ಹೇಳಿ ಸುಮ್ನೆ ಕೂತು ಅವರು ಬೈಯುವುದನ್ನು ಪೂರ್ತಿ ಕೇಳಿ.

ಇನ್ನು ಕಸುಬಿನ ಮಾತು. ನಿಮ್ಮ ಪತ್ರದ ಜೊತೆ ಬರೆದು ಕಳಿಸಿದ ಐದು ನಿಮಿಷದ ಸಾಲುಗಳನ್ನು ಓದಿದೆ. ಅಮ್ಮ ಖಾಲಿ ಐಸ್‌ಕ್ರೀಮ್ ಡಬ್ಬಿ, ಹೋಟೆಲ್ ಪಾರ್ಸೆಲ್ ಡಬ್ಬಿ ಯಾವುದನ್ನೂ ಎಸೆಯುವುದಿಲ್ಲ ಅನ್ನುವ ಭಾಗ ಇದೆಯಲ್ಲ, ಅದರಲ್ಲಿ ಚಿನ್ನ ಇದೆ, ಆದರೆ ನೀವು ಅಗೆದಿಲ್ಲ. ‘ಅಮ್ಮನಿಗೆ ಡಬ್ಬಿ ಹುಚ್ಚು’ ಅಂದು ಮುಂದೆ ಹೋಗಿಬಿಟ್ಟಿರಿ. ಫಿಲಿಪ್ಪೀನ್ಸ್ ಮನೆಗಳಲ್ಲೂ ಬಿಸ್ಕತ್ತಿನ ಟಿನ್ ತೆಗೆದರೆ ಒಳಗೆ ಸೂಜಿ-ದಾರ, ಐಸ್‌ಕ್ರೀಮ್ ಡಬ್ಬಿ ತೆಗೆದರೆ ಫ್ರೀಜರಿನಲ್ಲಿಟ್ಟ ಮೀನು ಇರುತ್ತದೆ. ಅವರ ಹಾಸ್ಯಗಾರರು ಇದನ್ನು ಹೇಳುವಾಗ ಡಬ್ಬಿ ತೆರೆದ ಮಗುವಿನ ಮುಖ ತೋರಿಸುತ್ತಾರೆ, ಆಮೇಲೆ ಅಮ್ಮನ ಲೆಕ್ಕ ತೋರಿಸುತ್ತಾರೆ. ನಿಮ್ಮ ಅಮ್ಮನಿಗೂ ಒಂದು ಲೆಕ್ಕ ಇದೆ. ಯಾವ ಡಬ್ಬಿಯಲ್ಲಿ ಹುಳಿಪುಡಿ ಯಾರಿಗೆ ಹೋಗಬೇಕು, ಯಾರ ಮನೆಗೆ ಕೊಟ್ಟರೆ ಡಬ್ಬಿ ವಾಪಸ್ ಬರುತ್ತದೆ, ಯಾರ ಮನೆಯಿಂದ ಬರುವುದಿಲ್ಲ, ಹಾಗಾಗಿ ಅವರಿಗೆ ಸ್ಟೀಲ್ ಡಬ್ಬಿ ಕೊಡಬಾರದು. ಸೋದರತ್ತೆ ಮೂರು ವರ್ಷದ ಹಿಂದೆ ತೆಗೆದುಕೊಂಡು ಹೋದ ಡಬ್ಬಿಯ ಮುಚ್ಚಳದ ಬಣ್ಣ ಕೂಡ ನೆನಪಿರುತ್ತದೆ. ಇದನ್ನು ಅಮ್ಮನ ದನಿಯಲ್ಲಿ, ಅಮ್ಮನ ಗಾಂಭೀರ್ಯದಲ್ಲಿ ಆಡಿ ತೋರಿಸಿ. ಆಗ ಅವರು ಹುಚ್ಚಿಯಲ್ಲ, ಒಂದು ಬ್ಯಾಂಕ್ ನಡೆಸುವ ಮ್ಯಾನೇಜರ್. ನಗು ಇಮ್ಮಡಿಯಾಗುತ್ತದೆ, ಅವರಿಗೂ ತಲೆ ಎತ್ತಿ ಕೂರುವ ಹಾಗಿರುತ್ತದೆ.

ಮನೆಯ ಅಭ್ಯಾಸ ಬೇರೆ, ಮನೆಯ ಗಾಯ ಬೇರೆ. ನಿಮ್ಮ ಸಾಲುಗಳಲ್ಲಿ ಅಪ್ಪನ ಸಾಲದ ಬಗ್ಗೆ ಒಂದು ಮಾತು ಬಂದಿದೆ. ಅದು ಈಗಲೇ ಬೇಡ. ಜೋ ಕೋಯ್ ಅವರ ಅಣ್ಣನಿಗೆ ಗಂಭೀರ ಮಾನಸಿಕ ಕಾಯಿಲೆ ಇತ್ತು, ಆ ವರ್ಷಗಳಲ್ಲಿ ಮನೆ ಬಹಳ ಕಷ್ಟ ಕಂಡಿತು. ಅದನ್ನು ಅವರು ಬಿಡಿಸಿ ಬರೆದಿದ್ದು 2021ರ ಆತ್ಮಕಥೆಯಲ್ಲಿ, ಐವತ್ತರ ಹತ್ತಿರ ಬಂದಾಗ. ನೋವು ಇನ್ನೂ ಹಸಿ ಇರುವಾಗ ಅದರ ಮೇಲೆ ನಗಿಸಲು ಹೋದರೆ ಸಭೆಯವರಿಗೆ ನಗಬೇಕೋ ಬೇಡವೋ ತಿಳಿಯದೆ ಕೂತಲ್ಲೇ ಮುದುಡಿಕೊಳ್ಳುತ್ತಾರೆ.

ಅಮ್ಮ ಸಮಾಧಾನವಾದ ಮೇಲೆ ಹೊಸ ಐದು ನಿಮಿಷವನ್ನು ಮೊದಲು ಮನೆಯ ಹಾಲ್‌ನಲ್ಲಿ ಅವರ ಮುಂದೆ ಮಾಡಿ. ಅವರು ‘ಹಾಗಲ್ಲ ಕಣೋ ನಾನು ಅಂದಿದ್ದು’ ಅಂತ ತಿದ್ದುತ್ತಾರೆ. ಬರೆದುಕೊಳ್ಳಿ. ನೀವು ಬರೆದದ್ದಕ್ಕಿಂತ ಅದೇ ಚೆನ್ನಾಗಿರುತ್ತದೆ, ಈ ಮಾತಿನಲ್ಲಿ ನನಗೆ ಅನುಮಾನವೇ ಇಲ್ಲ.

ಪ್ರಶ್ನೆ: ಅವರ ಜೀವನದ ಮೇಲೆ ಸಿನಿಮಾ ಬಂದಿದೆಯಾ?
– ಶಿವಮೊಗ್ಗದ ಓದುಗರು

ಉತ್ತರ: ಜೀವನಚರಿತ್ರೆ ಅಲ್ಲ, ಆದರೆ ಹತ್ತಿರದ್ದು. 2022ರಲ್ಲಿ ಬಂದ ‘ಈಸ್ಟರ್ ಸಂಡೇ’. ಫಿಲಿಪ್ಪೀನ್ಸ್ ಸಂಸಾರವೊಂದು ಈಸ್ಟರ್ ಹಬ್ಬಕ್ಕೆ ಸೇರಿದಾಗ ನಡೆಯುವ ಗಲಾಟೆಯ ಕಥೆ. ಸ್ಪೇನ್ ಆಳ್ವಿಕೆಯಿಂದ ಆ ದೇಶದಲ್ಲಿ ಕ್ಯಾಥೊಲಿಕರೇ ಹೆಚ್ಚು, ಹಾಗಾಗಿ ನಮಗೆ ಯುಗಾದಿ, ದೀಪಾವಳಿ ಹೇಗೋ ಅವರಿಗೆ ಈಸ್ಟರ್ ಹಾಗೆ. ಕಥೆ ನಡೆಯುವುದು ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದ ಡೇಲಿ ಸಿಟಿಯಲ್ಲಿ, ಫಿಲಿಪ್ಪೀನ್ಸ್‌ನವರು ದಂಡಿಯಾಗಿ ನೆಲೆಸಿರುವ ಊರದು. ತೆಗೆದಿದ್ದು ಸ್ಟೀವನ್ ಸ್ಪೀಲ್‌ಬರ್ಗ್ ಅವರ ಕಂಪನಿ, ನಿರ್ದೇಶಕರು ಭಾರತೀಯ ಮೂಲದ ಜೇ ಚಂದ್ರಶೇಖರ್. ಸಿನಿಮಾ ಅಷ್ಟೇನೂ ಓಡಲಿಲ್ಲ. ಕಥೆಯಲ್ಲಿ ಕದ್ದ ಮಾಲು, ಬೆನ್ನಟ್ಟುವುದು ಅಂತೆಲ್ಲಾ ತುರುಕಿದ್ದು ಬೇಕಿರಲಿಲ್ಲ ಅಂತ ನನಗನ್ನಿಸಿತು. ಊಟದ ಮೇಜಿನ ಸುತ್ತ ನಡೆಯುವ ಜಗಳಗಳಿಗಾಗಿ ಒಂದು ಸಲ ನೋಡಬಹುದು.

ಪ್ರಶ್ನೆ: ಇವರಿಗಿಂತ ಮುಂಚೆ ಇಂಥದ್ದು ಮಾಡಿದವರು ಇರಲಿಲ್ಲವೇ?
– ಉಡುಪಿಯ ಓದುಗರು

ಉತ್ತರ: ಇದ್ದರು. ಮನಿಲಾದಲ್ಲಿ ಹುಟ್ಟಿ ಸ್ಯಾನ್ ಫ್ರಾನ್ಸಿಸ್ಕೋ ಕಡೆ ಬೆಳೆದ ರೆಕ್ಸ್ ನವರೆಟೆ ಅವರನ್ನು ಮರೆಯಬಾರದು. ನೆಟ್‌ಫ್ಲಿಕ್ಸ್ ಇಲ್ಲದ ಕಾಲದಲ್ಲಿ ಸಿಡಿಗಳಲ್ಲೇ ಅವರ ಹಾಸ್ಯ ಮನೆ ಮನೆ ಸುತ್ತಿತು. ಸೂಪರ್‌ಹೀರೋಗಳ ಮನೆಯಲ್ಲಿ ಕೆಲಸಕ್ಕಿರುವ ಫಿಲಿಪ್ಪೀನ್ಸ್ ಹೆಂಗಸು ಆ ಮಹಾವೀರರನ್ನೆಲ್ಲಾ ಗದರಿಸುವುದು ಅವರ ಹೆಸರುವಾಸಿ ಕಲ್ಪನೆ. ಮನೆಕೆಲಸದವರಾಗಿ ದೇಶ ದೇಶಗಳಲ್ಲಿ ದುಡಿಯುವ ತಮ್ಮ ಹೆಣ್ಣುಮಕ್ಕಳ ಕೈಗೆ ಅವರು ಕೊನೆಯ ಮಾತು ಕೊಟ್ಟರು. ಸಿನಿಮಾ ನಟ ರಾಬ್ ಷ್ನೈಡರ್ ಅವರ ತಾಯಿಯ ಕಡೆಯೂ ಫಿಲಿಪ್ಪೀನ್ಸ್ ನಂಟು, ಅಮ್ಮನನ್ನು ತಮ್ಮ ಸಿನಿಮಾಗಳಲ್ಲಿ ಸಣ್ಣ ಪಾತ್ರಗಳಿಗೆ ಕರೆತಂದಿದ್ದೂ ಉಂಟು.

ಪ್ರಶ್ನೆ: ಮಕ್ಕಳ ಜೊತೆ ಕೂತು ನೋಡಬಹುದಾ? ಯಾವುದರಿಂದ ಶುರು ಮಾಡಲಿ?
– ತುಮಕೂರಿನ ಓದುಗರು

ಉತ್ತರ: ಚಿಕ್ಕ ಮಕ್ಕಳ ಜೊತೆ ಬೇಡ. ಬೈಗುಳ ಜಾಸ್ತಿ, ಗಂಡು-ಹೆಣ್ಣಿನ ವಿಷಯವೂ ಬರುತ್ತದೆ. ದೊಡ್ಡ ಮಕ್ಕಳಾದರೆ ನಿಮ್ಮ ಮನೆಯ ರೀತಿ ನೋಡಿಕೊಂಡು ನಿರ್ಧರಿಸಿ. ನೆಟ್‌ಫ್ಲಿಕ್ಸ್‌ನಲ್ಲಿ ಮೊದಲು ಸಿಯಾಟಲ್‌ನದು ನೋಡಿ, ಅಮ್ಮನ ಕಥೆಗಳು ಅಲ್ಲಿ ತಾಜಾ ಆಗಿವೆ. ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಿ, ಅವರು ಮಾತಾಡುವ ವೇಗಕ್ಕೆ ಅದು ಬೇಕಾಗುತ್ತದೆ. ಆಮೇಲೆ ಹೊನೊಲುಲು. ಅದರಲ್ಲಿ ಮಗನನ್ನು ಬೆಳೆಸುವ ಪಾಡು ಹೇಳುತ್ತಾರೆ, ಅಮ್ಮ ತಮಗೆ ಅಂದಿದ್ದೆಲ್ಲಾ ಈಗ ತಮ್ಮ ಬಾಯಲ್ಲೇ ಬರುತ್ತದೆ.